ಮಾಟುಂಗಾದ ರಸ್ತೆಗಳು ಅಷ್ಟು ಅಗಲ ಯಾಕೆ?

ಮುಂಬೈನ ಹಳೇ ಊರಿನ ಭುಲೇಶ್ವರದಲ್ಲಿ ಕೈಗಾಡಿಗೂ ದಾರಿಯಿಲ್ಲ, ಮಾಟುಂಗಾದಲ್ಲಿ ಮಾತ್ರ ಅಗಲ ರಸ್ತೆ, ಸಾಲುಮರ ಹೇಗೆ ಅಂತ ಕೇಳಿದ್ದೀರಿ. ಕಾರಣ ಪ್ಲೇಗು. 1896ರಲ್ಲಿ ಅದು ಮುಂಬೈಗೆ ಬಂತು. ಗಾಳಿ-ಬೆಳಕಿಲ್ಲದ ಚಾಳುಗಳೇ (ಸಾಲು ಕೋಣೆಗಳ ಬಾಡಿಗೆ ಕಟ್ಟಡಗಳು) ಮೂಲ ಅಂತ ಸರ್ಕಾರ ನಂಬಿತ್ತು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತೆ ಅನ್ನೋ ಮಾತನ್ನು ಆಗಿನ್ನೂ ಹೆಚ್ಚಿನವರು ಒಪ್ಪಿರಲಿಲ್ಲ! 1898ರಲ್ಲಿ ಊರು ಸುಧಾರಿಸೋಕೆ ಅಂತ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೇ ಊರಿನೊಳಗೆ ಕಡಲ ಗಾಳಿ ನುಗ್ಗಲಿ ಅಂತ ಮನೆಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್ ಅನ್ನೋ ಅಗಲ ರಸ್ತೆ ಮಾಡಿದರು. ಉತ್ತರದ ದಾದರ್-ಮಾಟುಂಗಾದಲ್ಲಿ ಕೆಡವುವಂಥದ್ದು ಜಾಸ್ತಿ ಇರಲಿಲ್ಲ. ಹಾಗಾಗಿ ಮೊದಲು ರಸ್ತೆ, ಚರಂಡಿ, ಆಮೇಲೆ ಸೈಟು. ಮಾಟುಂಗಾದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ಗೆ ಬಂದರೆ ಸುಮ್ನೆ ಫೈವ್ ಗಾರ್ಡನ್ಸ್ ಉದ್ಯಾನಗಳ ತನಕ ನಡೆಯಿರಿ. ಹಳೇ ಕಟ್ಟಡಗಳಿಗೆ ಎರಡು-ಮೂರೇ ಮಹಡಿ, ಸುತ್ತ ಬಿಟ್ಟ ಜಾಗ. ಎಲ್ಲಾ ಟ್ರಸ್ಟ್ ನಿಯಮ. ಆದರೆ ಚಾಳು ಕಳಕೊಂಡ ಬಡವರಿಗೆ ಇದು ಎಟುಕಲಿಲ್ಲ. ಬಂದು ನೆಲೆಸಿದ್ದು ಹೆಚ್ಚಾಗಿ ಸಂಬಳದ ಜನ, ನಮ್ಮ ದಕ್ಷಿಣದವರೂ ಸೇರಿ.