ಹುಲ್ಲು ಕೊಯ್ಯುವವರು ಯಾರು?

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮಗಳು, ಅಳಿಯ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಒಂದು ಹಳ್ಳಿಯಲ್ಲಿ ಹೊಸ ಮನೆ ಬುಕ್ ಮಾಡಿದ್ದಾರಂತೆ. ಮೇಷ್ಟ್ರು ಮೂರು ತಿಂಗಳು ಅವರ ಜೊತೆ ಇದ್ದು, ಬಿಲ್ಡರ್ ತೋರಿಸಿದ ಮಾದರಿ ಮನೆಯನ್ನೂ ನೋಡಿ ಬಂದಿದ್ದಾರೆ. ಪತ್ರ ನಾಲ್ಕು ಪುಟ ಇದೆ. ಅದರ ಹೂರಣ ಇಷ್ಟು:

"ಗೋಡೆಯನ್ನು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಸುತ್ತ ಕಣ್ಣು ಹಾಯುವಷ್ಟು ದೂರ ಹೊಲ, ಆದರೂ ಮನೆಗಳನ್ನು ಬೆಂಕಿಪೊಟ್ಟಣದ ಹಾಗೆ ಒತ್ತೊತ್ತಾಗಿ ಕಟ್ಟಿದ್ದಾರೆ. ಹಳ್ಳಿಯ ದಾರಿಯಲ್ಲಿ ‘ನಮ್ಮ ಹಳ್ಳಿ ಉಳಿಸಿ, ಹೊಸ ಮನೆ ಸಾಕು’ ಅಂತ ಬೋರ್ಡುಗಳು. ನಮ್ಮವರು ಅಲ್ಲಿಗೆ ಹೋಗುವುದು ಅವರಿಗೆ ಇಷ್ಟವಿಲ್ಲವೇ? ಬೇಡ ಅಂತ ಅಳಿಯನಿಗೆ ಹೇಳಿಬಿಡಲೇ?"

ನಮಸ್ಕಾರ ಮೇಷ್ಟ್ರೇ,

ಅಳಿಯಂದಿರಿಗೆ ಏನೂ ಹೇಳಬೇಡಿ. ಅಳಿಯ ಮನೆ ತೆಗೆದುಕೊಳ್ಳುವಾಗ ಮಾವ ಬಾಯಿ ಹಾಕಿದರೆ, ಮುಂದೆ ಆ ಮನೆಯ ನಲ್ಲಿ ಸೋರಿದರೂ ಮಾವನ ಹೆಸರೇ ಬರುತ್ತದೆ. ಒಂದು ಪ್ರಶ್ನೆ ಮಾತ್ರ ಕೇಳಿ: "ಮನೆ ಮುಂದಿನ ಹುಲ್ಲು ಕೊಯ್ಯುವವರು ಯಾರು?" ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಗೋಡೆ.

ನಾನೂ ತಟ್ಟಿದ್ದೇನೆ. ನನ್ನ ತಮ್ಮ ಅಂಥದ್ದೇ ಒಂದು ಹಳ್ಳಿಯ ಅಂಚಿನ ಹೊಸ ಲೇಔಟಿನಲ್ಲಿದ್ದಾನೆ. ಅಲ್ಲಿ ಒಂದು ಚಳಿಗಾಲ ಕಳೆದೆ. ಹೋದ ದಿನವೇ ಗೋಡೆ ತಟ್ಟಿ, ನಿಮ್ಮ ಹಾಗೇ ಹೆದರಿದೆ. ಆಮೇಲೆ ತಿಳಿಯಿತು, ನಾವು ತಟ್ಟಿದ್ದು ಗೋಡೆಯನ್ನೇ ಅಲ್ಲ. ಅಲ್ಲಿ ಹೊರಗಡೆ ಇಟ್ಟಿಗೆ, ಒಳಗಡೆ ಹಗುರ ಕಾಂಕ್ರೀಟ್ ಬ್ಲಾಕ್, ನಡುವೆ ಒಂದು ಸಂದು. ಚಳಿ ಒಳಗೆ ಬರದಂತೆ ಆ ಸಂದಿನಲ್ಲಿ ಹತ್ತಿಯಂಥ ವಸ್ತುವನ್ನೋ ಫೋಮ್ ಹಲಗೆಯನ್ನೋ ತುಂಬಿರುತ್ತಾರೆ. ಬ್ಲಾಕಿನ ಮೇಲೆ ಸಿಮೆಂಟ್ ಗಾರೆ ಬಳಿಯುವ ಬದಲು ಜಿಪ್ಸಮ್ ಹಲಗೆ ಅಂಟಿಸುತ್ತಾರೆ. ಟೊಳ್ಳು ಸದ್ದು ಆ ಹಲಗೆಯದು. ಕೆಲವು ಮನೆಗಳಲ್ಲಿ ಬ್ಲಾಕಿನ ಜಾಗದಲ್ಲಿ ಮರದ ಚೌಕಟ್ಟು ಇರುತ್ತದೆ. ನಮ್ಮ ಮಲೆನಾಡಿನ ಮಣ್ಣಿನ ಗೋಡೆಯ ಲೆಕ್ಕದಲ್ಲಿ ನೋಡಿದರೆ ಅದೊಂದು ಪೆಟ್ಟಿಗೆ, ನಿಜ. ಆದರೆ ಆ ಹಳ್ಳಿಯ ಮುನ್ನೂರು ವರ್ಷದ ಹುಲ್ಲಿನ ಮಾಡಿನ ಮನೆಯಲ್ಲಿ ಜನವರಿಯಲ್ಲಿ ಒಂದು ರಾತ್ರಿ ಮಲಗಿ ನೋಡಿ. ಪೆಟ್ಟಿಗೆಯೇ ವಾಸಿ ಅನ್ನುತ್ತೀರಿ.

ಹೊಸ ಮನೆಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ವಾರಂಟಿ ಇರುತ್ತದೆ. ಅದನ್ನು ಕೊಡುವ ಸಂಸ್ಥೆಗಳಲ್ಲಿ ದೊಡ್ಡದು 1936ರಲ್ಲಿ ಶುರುವಾದ ಎನ್‌ಎಚ್‌ಬಿಸಿ. ಮೊದಲ ಎರಡು ವರ್ಷ ಬಿಲ್ಡರೇ ಬಂದು ತಪ್ಪು ಸರಿಮಾಡಬೇಕು. ಉಳಿದ ಎಂಟು ವರ್ಷ ಪಾಯ, ಗೋಡೆ, ಮಾಡಿನಂಥ ದೊಡ್ಡ ದೋಷಕ್ಕೆ ಮಾತ್ರ. ಆದ್ದರಿಂದ ಸಣ್ಣಪುಟ್ಟದ್ದನ್ನೆಲ್ಲ ಬೇಗ ಹಿಡಿಯಬೇಕು. ಕೂರದ ಬಾಗಿಲು, ಓರೆಯಾದ ಟೈಲು, ಮಾಡಿನ ಕೆಳಗಿನ ಅಟ್ಟದಲ್ಲಿ ಹಾಸಲು ಮರೆತ ಚಳಿತಡೆ. ಇದನ್ನು ಅಲ್ಲಿ ಸ್ನ್ಯಾಗಿಂಗ್ ಅನ್ನುತ್ತಾರೆ. ದುಡ್ಡು ಕೊಟ್ಟರೆ ಅದಕ್ಕೆಂದೇ ಇರುವವರು ಬಂದು ಪಟ್ಟಿ ಮಾಡಿಕೊಡುತ್ತಾರೆ. ಆ ದುಡ್ಡು ಉಳಿಸಬೇಡಿ ಅಂತ ಮಗಳಿಗೆ ಹೇಳಿ. ತಮ್ಮನ ಮನೆಯ ಪಟ್ಟಿಯಲ್ಲಿ ನೂರಕ್ಕಿಂತ ಜಾಸ್ತಿ ಐಟಂ ಇದ್ದವು. ಇನ್ನು ಮೊದಲ ವರ್ಷ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಗಾಬರಿ ಬೇಡ. ಕಟ್ಟುವಾಗ ಸೇರಿದ ನೀರು ಆರಲು ತಿಂಗಳುಗಟ್ಟಲೆ ಬೇಕು. ಹೀಟರ್ ಒಮ್ಮೆಲೇ ಜೋರು ಮಾಡಿದರೆ ಬಿರುಕು ಹೆಚ್ಚು.

ಮಾಡಿನ ಮೇಲೆ ಚಂದದ ಹೊಗೆಗೂಡು ಇದೆ, ಒಳಗೆ ಒಲೆ ಕಾಣಲಿಲ್ಲ ಅಂತಲೂ ಬರೆದಿದ್ದೀರಿ. ನಗು ಬಂತು. ಆ ಹೊಗೆಗೂಡಿಗೆ ಕೆಳಗೆ ಏನೂ ಇಲ್ಲ ಮೇಷ್ಟ್ರೇ. ಫೈಬರಿನದ್ದು, ಇಟ್ಟಿಗೆಯ ಹಾಗೆ ಕಾಣುತ್ತದೆ, ಕ್ರೇನಿನಲ್ಲಿ ಎತ್ತಿ ಕೂರಿಸುತ್ತಾರೆ. ಹಳೇ ಹಳ್ಳಿಯ ಮಾಡುಗಳ ಸಾಲಿಗೆ ಹೊಸ ಮನೆ ಹೊಂದಬೇಕು ಅಂತ ಯೋಜನಾ ಕಚೇರಿಯವರು ಬಯಸುತ್ತಾರೆ, ಬಿಲ್ಡರ್ ಅಗ್ಗದ ದಾರಿ ಹುಡುಕುತ್ತಾನೆ. ಇನ್ನೂ ಮಜಾ ಅಂದರೆ ಇಟ್ಟಿಗೆ ತುಂಬಿ ಮುಚ್ಚಿದ ಸುಳ್ಳು ಕಿಟಕಿಗಳು. ಅಲ್ಲಿ 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆ ಇತ್ತು, ಅದಕ್ಕೆ ಹೆದರಿ ಜನ ಕಿಟಕಿ ಮುಚ್ಚಿಸಿದರು. ಈಗ ತೆರಿಗೆ ಹೋಗಿ ನೂರೆಪ್ಪತ್ತು ವರ್ಷದ ಮೇಲಾಯಿತು. ಹೊಸ ಮನೆಗೆ ಮುಚ್ಚಿದ ಕಿಟಕಿಯನ್ನೇ ಕಟ್ಟುತ್ತಾರೆ!

ಸರಿ, ಒತ್ತೊತ್ತಾಗಿ ಯಾಕೆ? ಮೂರು ಬೆಡ್‌ರೂಮಿನ, ನಾಲ್ಕು ಜನರ ಎರಡಂತಸ್ತಿನ ಮನೆಗೆ ಸರ್ಕಾರ 2015ರಲ್ಲಿ ಹೇಳಿದ ಕನಿಷ್ಠ ಅಳತೆ 84 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 900 ಚದರ ಅಡಿ, ಮೇಲೆ ಕೆಳಗೆ ಸೇರಿ. ನಮ್ಮ ಮೂವತ್ತು–ನಲವತ್ತು ಸೈಟೇ 1200 ಅಡಿ. ಆ ಅಳತೆ ಕೂಡ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ತನ್ನ ಯೋಜನೆಯಲ್ಲಿ ಸೇರಿಸಿಕೊಂಡಿದ್ದರೆ ಮಾತ್ರ ಕಡ್ಡಾಯ. ಅದಕ್ಕೇ ಬೆಡ್‌ರೂಮಿನ ಎಣಿಕೆ ಬಿಟ್ಟು ಚದರ ಮೀಟರ್ ಕೇಳಬೇಕು. ಮೂರನೇ ಬೆಡ್‌ರೂಮು ಅಂದರೆ ಕೆಲವು ಕಡೆ ನಮ್ಮ ದೇವರ ಕೋಣೆಯಷ್ಟೇ ಇರುತ್ತದೆ.

ಹೊಲ ಖಾಲಿ ಕಾಣುತ್ತದೆ, ಹೌದು. ಆದರೆ ಅದು ಮನೆ ಕಟ್ಟಲು ಖಾಲಿ ಇಲ್ಲ. 1947ರಲ್ಲಿ ಅಲ್ಲಿ ಒಂದು ಕಾನೂನು ಬಂತು, ಊರು ಮತ್ತು ಹಳ್ಳಿ ಯೋಜನೆಯ ಕಾಯ್ದೆ. ಅಲ್ಲಿಂದ ಮುಂದೆ ಜಮೀನು ನಿಮ್ಮದಾದರೂ ಅದರ ಮೇಲೆ ಕಟ್ಟುವ ಹಕ್ಕು ನಿಮ್ಮದಲ್ಲ, ಕೌನ್ಸಿಲ್ ಅನುಮತಿ ಕೊಟ್ಟರೆ ಉಂಟು. ನಮ್ಮ ಡಿಸಿ ಕನ್ವರ್ಷನ್ ನೆನೆಸಿಕೊಳ್ಳಿ, ಅದಕ್ಕಿಂತ ಹತ್ತು ಪಟ್ಟು ಬಿಗಿ. ಅನುಮತಿ ಸಿಕ್ಕ ಬೆಳಿಗ್ಗೆ ಗೋಧಿ ಹೊಲದ ಬೆಲೆ ಹತ್ತಾರು ಪಟ್ಟು ಏರುತ್ತದೆ, ಕೆಲವು ಕಡೆ ನೂರು ಪಟ್ಟು. ಅಷ್ಟು ಕೊಟ್ಟು ಕೊಂಡ ಬಿಲ್ಡರ್ ಒಂದೊಂದು ಅಡಿಯನ್ನೂ ಮಾರುತ್ತಾನೆ. ಎರಡು ಮನೆಗಳ ನಡುವೆ ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟು ಸಂದು ಬಿಟ್ಟರೂ ಸಾಕು, ಅದು ‘ಡಿಟ್ಯಾಚ್ಡ್’ ಮನೆ, ಬೆಲೆ ಜಾಸ್ತಿ.

ಈಗ ಬೋರ್ಡುಗಳ ವಿಷಯ. ನಿಮ್ಮ ಪತ್ರದಲ್ಲಿ ನಿಜವಾಗಿ ನೋಯುವ ಜಾಗ ಇದೇ ಅಂತ ನನಗೆ ಅನ್ನಿಸಿತು.

ಎಲ್ಲರ ಮನಸ್ಸೂ ಚೊಕ್ಕ ಅಂತ ನಾನು ಹೇಳುವುದಿಲ್ಲ. ಆದರೆ ಅಂಥ ಬೋರ್ಡು ಇಂಗ್ಲೆಂಡಿನ ಊರೂರಿನಲ್ಲಿ ಇದೆ. ಬರುವವರು ಲಂಡನ್ನಿನ ಬಿಳಿಯರೇ ಆದರೂ ಇರುತ್ತದೆ. ಹಳ್ಳಿ ಬೇಡ ಅನ್ನುತ್ತದೆ, ಕೌನ್ಸಿಲೂ ಬೇಡ ಅನ್ನುತ್ತದೆ. ಬಿಲ್ಡರ್ ಮೇಲ್ಮನವಿ ಹಾಕುತ್ತಾನೆ. ಮುಂದಿನ ಐದು ವರ್ಷಕ್ಕೆ ಬೇಕಾದಷ್ಟು ಮನೆಗೆ ಕೌನ್ಸಿಲ್ ಜಾಗ ತೋರಿಸಿಲ್ಲ ಅಂತಾದರೆ ಅವನ ಕೈ ಮೇಲಾಗುತ್ತದೆ. ಬ್ರಿಸ್ಟಲ್‌ನಲ್ಲಿ ಕಚೇರಿ ಇರುವ ಇಲಾಖೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದು ಹೊಲ ನೋಡಿ ‘ಕಟ್ಟಿ’ ಅನ್ನಬಹುದು. ತಮ್ಮ ಮಾತಿಗೆ ಬೆಲೆ ಇಲ್ಲ ಅಂತ ಹಳ್ಳಿಯವರಿಗೆ ಸಿಟ್ಟು ಬರುವುದು ಆಗ. ಸರ್ಕಾರದ ಕಷ್ಟವೂ ಇದೆ. ಮನೆ ಸಾಲದೆ ಅಲ್ಲೇ ಹುಟ್ಟಿದ ಮಕ್ಕಳಿಗೇ ಮನೆ ಸಿಗುತ್ತಿಲ್ಲ. 2024ರಲ್ಲಿ ಬಂದ ಸರ್ಕಾರ ತನ್ನ ಅವಧಿಯಲ್ಲಿ 15 ಲಕ್ಷ ಮನೆ ಅಂತ ಹೇಳಿ ಕೂತಿದೆ.

ಹಳ್ಳಿಯವರ ದೊಡ್ಡ ದೂರು ಒಂದು ಇದೆ, ಅದರಲ್ಲಿ ನ್ಯಾಯವೂ ಇದೆ. ಮನೆ ಮೊದಲು ಬರುತ್ತದೆ, ಉಳಿದದ್ದೆಲ್ಲ ಆಮೇಲೆ. ಅನುಮತಿ ಕೊಡುವಾಗ ಕೌನ್ಸಿಲ್ ಬಿಲ್ಡರ್ ಹತ್ತಿರ ಒಂದು ಒಪ್ಪಂದ ಬರೆಸಿಕೊಳ್ಳುತ್ತದೆ. 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ನಿನಲ್ಲಿ ಬರುವುದರಿಂದ ಎಲ್ಲರೂ ಅದನ್ನು ‘ಸೆಕ್ಷನ್ 106’ ಅಂತಲೇ ಕರೆಯುತ್ತಾರೆ. ಶಾಲೆಗೆ ಇಷ್ಟು ದುಡ್ಡು, ರಸ್ತೆಗೆ ಇಷ್ಟು, ಕಡಿಮೆ ಬೆಲೆಯ ಮನೆ ಇಷ್ಟು. ಕೇಂಬ್ರಿಜ್ ಸುತ್ತಲಿನ ಸೌತ್ ಕೇಂಬ್ರಿಜ್‌ಶೈರ್ ಜಿಲ್ಲೆಯಲ್ಲಂತೂ ದೊಡ್ಡ ಲೇಔಟಿನಲ್ಲಿ ಶೇ. 40ರಷ್ಟು ಮನೆ ಅಂಥವು ಇರಬೇಕು ಅನ್ನುವುದು ನಿಯಮ. ಆದರೆ ದುಡ್ಡು ಕಂತಿನಲ್ಲಿ ಬರುತ್ತದೆ. ಇಷ್ಟನೇ ಮನೆಗೆ ಜನ ಬಂದಮೇಲೆ ಇಷ್ಟು ಅಂತ. ಅಷ್ಟರಲ್ಲಿ ಹಳ್ಳಿಯ ಒಬ್ಬ ಡಾಕ್ಟರ ಮುಂದೆ ಸಾಲು ಬೆಳೆದಿರುತ್ತದೆ.

ನಿಮ್ಮ ಮಗಳ ಊರಿನ ಕಡೆಯವೇ ಎರಡು ಉದಾಹರಣೆ ಇವೆ. ಕೇಂಬ್ರಿಜ್‌ನ ಪಶ್ಚಿಮಕ್ಕೆ ಕ್ಯಾಂಬೋರ್ನ್ ಅಂತ ಒಂದು ಊರು. ಬರೀ ಹೊಲದ ಮೇಲೆ ಹೊಸದಾಗಿ ಕಟ್ಟಿದ್ದು, ಮೂರು ಹಳ್ಳಿಗಳ ರೂಪದಲ್ಲಿ. ಕೆಲಸ ಶುರುವಾದದ್ದು 1998ರಲ್ಲಿ. ಅದರ ಹೈಸ್ಕೂಲು ಬಾಗಿಲು ತೆರೆದದ್ದು 2013ರಲ್ಲಿ. ಮೊದಲು ಬಂದವರ ಕಂಕುಳ ಕೂಸು ಹೈಸ್ಕೂಲಿಗೆ ಹೋಗುವಷ್ಟು ಕಾಲ! ಅಲ್ಲಿಯವರೆಗೆ ದೊಡ್ಡ ಮಕ್ಕಳು ಕಾಂಬರ್ಟನ್ ಹಳ್ಳಿಯ ಶಾಲೆಗೆ ಹೋಗಿ ಬರುತ್ತಿದ್ದರು. ಇನ್ನೊಂದು ನಾರ್ತ್‌ಸ್ಟೋ. ಹಳೇ ವಿಮಾನದಳದ ನೆಲೆಯ ಜಾಗ, ಒಟ್ಟು 10,000 ಮನೆಗಳ ಯೋಜನೆ. ಮೊದಲ ಸಂಸಾರಗಳು 2017ರಲ್ಲಿ ಬಂದವು. ಐದು ವರ್ಷವಾದರೂ ಒಂದು ಅಂಗಡಿ ಇಲ್ಲ, ಡಾಕ್ಟರಿಲ್ಲ ಅಂತ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಗ ಹಾಲು ತರಬೇಕಾದರೂ ಪಕ್ಕದ ಹಳ್ಳಿಗೆ ಹೋಗಬೇಕಿತ್ತು. ಆ ಪಕ್ಕದ ಹಳ್ಳಿಯವರು ಬೋರ್ಡು ಹಾಕಿದರೆ ನಾನು ಅವರನ್ನು ಪೂರ್ತಿ ಬೈಯಲಾರೆ.

ಸ್ವಲ್ಪ ಬೈಯುತ್ತೇನೆ. ಬೋರ್ಡು ನೆಟ್ಟವರ ಮನೆಗಳನ್ನು ಗಮನಿಸಿದಿರಾ? ಅವುಗಳಲ್ಲೂ ಎಷ್ಟೋ ಮನೆಗಳು ಮೂವತ್ತು, ನಲವತ್ತು ವರ್ಷದ ಹಿಂದೆ ಇನ್ನೊಂದು ಹೊಲದ ಮೇಲೆ ಕಟ್ಟಿದವು. ರೈಲಿನ ಜನರಲ್ ಬೋಗಿಯೊಳಗೆ ನುಗ್ಗಿದವನು ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತಾನಲ್ಲ, ಹಾಗೆ. ನಿಮ್ಮ ಮಗಳೂ ಹತ್ತು ವರ್ಷದ ಮೇಲೆ ಒಂದು ಬೋರ್ಡು ನೆಟ್ಟರೆ ಆಶ್ಚರ್ಯಪಡಬೇಡಿ.

ಹುಲ್ಲಿಗೆ ಬರೋಣ.

ಲೇಔಟಿನ ತಗ್ಗಿನಲ್ಲಿ ಬೇಲಿ ಹಾಕಿದ ಒಣ ಹೊಂಡ ಇದೆ, ಸುಮ್ನೆ ಹಾಳುಬಿಟ್ಟಿದ್ದಾರೆ ಅಂತ ಬರೆದಿದ್ದೀರಿ. ಅದು ಹಾಳಲ್ಲ. ಮಳೆ ಬಂದಾಗ ಮಾಡು, ರಸ್ತೆಯ ನೀರೆಲ್ಲ ಒಮ್ಮೆಲೇ ಹಳ್ಳಿಯ ಹಳ್ಳಕ್ಕೆ ನುಗ್ಗದಂತೆ ತಡೆದು ನಿಧಾನ ಬಿಡುವ ಹೊಂಡ. ಅದರ ಹೂಳು ತೆಗೆಯಬೇಕು. ಮಕ್ಕಳ ಜಾರುಬಂಡೆ ರಿಪೇರಿ ಮಾಡಬೇಕು. ಗಿಡ ಸವರಬೇಕು, ದಾರಿದೀಪ ಉರಿಸಬೇಕು. ಹಿಂದೆ ಇದೆಲ್ಲ ಕೌನ್ಸಿಲಿನ ಪಾಲಿಗೆ ಹೋಗುತ್ತಿತ್ತು. ಈಗ ಬಹಳಷ್ಟು ಕಡೆ ಹೋಗುವುದಿಲ್ಲ. ಬಿಲ್ಡರ್ ಒಂದು ಮ್ಯಾನೇಜ್‌ಮೆಂಟ್ ಕಂಪನಿಗೆ ಒಪ್ಪಿಸಿ ಹೋಗುತ್ತಾನೆ. ಆ ಕಂಪನಿ ವರ್ಷವರ್ಷ ಮನೆಯವರಿಂದ ವಸೂಲಿ ಮಾಡುತ್ತದೆ. ಕೌನ್ಸಿಲ್ ಟ್ಯಾಕ್ಸ್ ಹೇಗೂ ಕಟ್ಟಲೇಬೇಕು, ಇದು ಅದರ ಮೇಲೆ. ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ ಸಿಎಂಎ 2024ರ ಫೆಬ್ರವರಿಯಲ್ಲಿ ಕೊಟ್ಟ ವರದಿ ಪ್ರಕಾರ, ದೊಡ್ಡ 11 ಬಿಲ್ಡರ್‌ಗಳು 2021–22ರಲ್ಲಿ ಮಾರಿದ ಮನೆಗಳಲ್ಲಿ ಶೇ. 80ರಷ್ಟಕ್ಕೆ ಇಂಥ ಶುಲ್ಕ ಇತ್ತು. ಸರಾಸರಿ ವರ್ಷಕ್ಕೆ 350 ಪೌಂಡ್. ಮೊತ್ತ ದೊಡ್ಡದಲ್ಲ ಅನ್ನಬಹುದು. ಆದರೆ ಅದು ಏರಿದರೆ ಕೇಳುವವರಿಲ್ಲ. ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಜಗಳ ನಮಗೆ ಹೊಸದಲ್ಲ. ನಮ್ಮಲ್ಲಿ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು ಕೂಗಾಡಬಹುದು. ಅಲ್ಲಿ ಎಷ್ಟೋ ಕಡೆ ಆ ಮೀಟಿಂಗೇ ಇಲ್ಲ.

ರಸ್ತೆಯ ಕತೆಯೂ ಇದೇ. ಬಿಲ್ಡರ್ ರಸ್ತೆ ಮಾಡಿ ಕೌಂಟಿ ಕೌನ್ಸಿಲಿಗೆ ಒಪ್ಪಿಸುವುದು ವಾಡಿಕೆ, ಕಡ್ಡಾಯವಲ್ಲ. 1980ರ ಹೆದ್ದಾರಿ ಕಾಯ್ದೆಯ 38ನೇ ಸೆಕ್ಷನ್ನಿನ ಒಪ್ಪಂದ ಅದಕ್ಕೇ ಇರುವುದು. ಒಪ್ಪಿಸುವವರೆಗೆ ಕೌನ್ಸಿಲ್ ಅದನ್ನು ನೋಡಿಕೊಳ್ಳುವುದಿಲ್ಲ. ನಮ್ಮಲ್ಲಿ ಲೇಔಟು ನಗರಸಭೆಗೆ ಹಸ್ತಾಂತರವಾಗದೆ ಚರಂಡಿ ಕಟ್ಟಿಕೊಂಡು ಕೂತಿರುತ್ತದಲ್ಲ, ಅದರ ಇಂಗ್ಲಿಷ್ ರೂಪ. ತಮ್ಮನ ಬೀದಿ ಐದನೇ ವರ್ಷವೂ ಹಾಗೇ ಇತ್ತು. ರಸ್ತೆಗೆ ಕೊನೆಯ ಪದರ ಟಾರು ಹಾಕಿರಲಿಲ್ಲ, ಮ್ಯಾನ್‌ಹೋಲಿನ ಮುಚ್ಚಳಗಳು ಎರಡಿಂಚು ಮೇಲೆದ್ದು ನಿಂತಿದ್ದವು. ಕಸದ ಲಾರಿ ಒಳಗೆ ಬರುತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ, ಕತ್ತಲಲ್ಲಿ, ಇಡೀ ಬೀದಿ ಚಕ್ರದ ಡಬ್ಬಿ ಎಳೆದುಕೊಂಡು ಮುಖ್ಯ ರಸ್ತೆಗೆ ಹೊರಡುತ್ತಿತ್ತು. ತೇರು ಎಳೆದ ಹಾಗೆ. ಮೂರು ತಿಂಗಳಲ್ಲಿ ನನಗೆ ನೆರೆಹೊರೆಯವರೆಲ್ಲ ಪರಿಚಯವಾದದ್ದು ಅಲ್ಲೇ, ಅದು ಬೇರೆ ಮಾತು.

ಆದ್ದರಿಂದ ಅಳಿಯಂದಿರು ಸಹಿ ಹಾಕುವ ಮೊದಲು ವಕೀಲರ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಲಿ. ರಸ್ತೆಯನ್ನು ಕೌನ್ಸಿಲ್ ವಹಿಸಿಕೊಳ್ಳುತ್ತದೆಯೇ, ಯಾವಾಗ? ಹುಲ್ಲು, ಹೊಂಡ, ದೀಪ ಯಾರದ್ದು? ಶುಲ್ಕಕ್ಕೆ ಮಿತಿ ಇದೆಯೇ? ಬಿಲ್ಡರೇ ತೋರಿಸುವ ವಕೀಲರು ಬೇಡ, ಬೇರೆಯವರನ್ನು ಹಿಡಿಯಲಿ. ಉತ್ತರ ಒಪ್ಪಿಗೆಯಾದರೆ ಮನೆ ತೆಗೆದುಕೊಳ್ಳಲಿ. ನನಗೇನೋ ಅದು ಒಳ್ಳೆಯ ಮನೆಯೇ ಅನ್ನಿಸುತ್ತದೆ.

ನಿಮಗೆ ಖುಷಿಯಾಗುವ ಒಂದು ವಿಷಯ. ನಿಮ್ಮ ಮಗಳ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದೆ ಅಂದಿರಿ. ಆದರೂ ಅವರಿಗೆ ಅಲ್ಲಿ ಓಟಿದೆ! ಕಾಮನ್‌ವೆಲ್ತ್ ದೇಶದವರು, ವೀಸಾ ಮೇಲೆ ಅಲ್ಲಿ ವಾಸ ಇರುವವರು, ಹೆಸರು ನೋಂದಾಯಿಸಿದರೆ ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟಿಗೂ ಓಟು ಹಾಕಬಹುದು. 2011ರ ಒಂದು ಕಾಯ್ದೆಯ ಪ್ರಕಾರ ಹಳ್ಳಿಯವರೇ ಸೇರಿ ಮನೆಗಳು ಎಲ್ಲಿ ಬರಬೇಕು, ಹೇಗಿರಬೇಕು ಅಂತ ತಮ್ಮದೇ ಯೋಜನೆ ಬರೆದು ಮತಕ್ಕೆ ಹಾಕಬಹುದು. ಅದರಲ್ಲೂ ಮಗಳ ಓಟು ಎಣಿಕೆಗೆ ಬರುತ್ತದೆ, ಬೋರ್ಡು ನೆಟ್ಟವರ ಓಟಿನಷ್ಟೇ.

ಕೊನೆಗೆ, ಗೃಹಪ್ರವೇಶಕ್ಕೆ ಹೋಮ ಮಾಡಬಹುದೇ ಅಂತ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಒಳಗೆ ಬೇಡ. ಹೊಗೆ ಅಲಾರಂಗಳು ಒಂದಕ್ಕೊಂದು ಜೋಡಿಸಿರುತ್ತವೆ. ಕೆಳಗೆ ಒಂದು ಕೂಗಿದರೆ ಮೇಲಿನದ್ದೂ ಕೂಗುತ್ತದೆ, ಪುರೋಹಿತರ ಮಂತ್ರ ಯಾರಿಗೂ ಕೇಳಿಸುವುದಿಲ್ಲ. ಹಾಲು ಉಕ್ಕಿಸಿದರೆ ಸಾಕು. ಗ್ಯಾಸ್ ಇರುವುದಿಲ್ಲ ಅಂದಿರಿ, ಇಂಡಕ್ಷನ್ ಒಲೆ. ತಳ ಕಬ್ಬಿಣದ್ದೋ ಕಾಂತ ಹಿಡಿಯುವ ಸ್ಟೀಲಿನದ್ದೋ ಇರುವ ಪಾತ್ರೆ ಬೇಕು, ಇಲ್ಲಿಂದ ತಾಮ್ರದ ಚೆಂಬು ಹೊತ್ತು ಹೋಗಬೇಡಿ. ಹಾಲು ಉಕ್ಕಿ ಗಾಜಿನ ಮೇಲೆ ಹರಿದ ಕೂಡಲೇ ಆ ಒಲೆ ಕುಂಯ್ ಅಂತ ತಾನೇ ಆರಿಬಿಡುತ್ತದೆ. ತಮ್ಮನ ಮನೆಯಲ್ಲಿ ಹಾಗೇ ಆಯಿತು. ನಮ್ಮ ಅಮ್ಮ ಅಪಶಕುನ ಅಂತ ಬೇಜಾರು ಮಾಡಿಕೊಂಡರು. ತಮ್ಮ ಒರೆಸಿ ಮತ್ತೆ ಹಚ್ಚಿದ.