ಕೇಬಲ್ ಹಾಕಿದರೂ ಮೆಸೇಜ್ ಕಾಣುವುದಿಲ್ಲ ಯಾಕೆ?

ಕುಂಬಳೆಯ ನಿಮ್ಮ ಅಂಗಡಿಯ ಹಳೆಯ ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿದರೆ ಫೋಟೋ ಮಾತ್ರ ಕಾಣುತ್ತದೆ, ಮೆಸೇಜ್ ಇಲ್ಲ ಎಂದಿದ್ದೀರಿ. ಸುಮ್ನೆ ಹುಡುಕಬೇಡಿ, ಸಿಗುವುದಿಲ್ಲ. ಮೆಸೇಜುಗಳು ಫೋಟೋದ ಹಾಗೆ ಬಿಡಿ ಫೈಲುಗಳಲ್ಲ. ಎಲ್ಲವೂ ಒಂದೇ ಡೇಟಾಬೇಸಿನಲ್ಲಿ, ಅಂದರೆ ಫೋನಿನ ಒಳಗಿನ ಒಂದು ದಾಖಲೆ ಸಂಗ್ರಹದಲ್ಲಿ, ಇರುತ್ತವೆ. ಆ ಜಾಗವನ್ನು ಫೋನ್ ಕೇಬಲ್ ಮೂಲಕ ತೋರಿಸುವುದಿಲ್ಲ.

ಪ್ಲೇ ಸ್ಟೋರಿನಿಂದ 'ಎಸ್‌ಎಂಎಸ್ ಬ್ಯಾಕಪ್ ಆಂಡ್ ರಿಸ್ಟೋರ್' ಎಂಬ ಆಪ್ ಹಾಕಿಕೊಳ್ಳಿ. ಬ್ಯಾಕಪ್ ಫೋನಿನಲ್ಲೇ ಉಳಿಯುವಂತೆ ಆರಿಸಿ. ಮೆಸೇಜುಗಳೆಲ್ಲ ಸೇರಿ ಒಂದು ಎಕ್ಸ್‌ಎಂಎಲ್ (ಒಂದು ಬಗೆಯ ಪಠ್ಯ) ಫೈಲ್ ಆಗುತ್ತದೆ. ಆಮೇಲೆ ಕೇಬಲ್ ಹಾಕಿ, ಫೋನಿನಲ್ಲಿ 'ಫೈಲ್ ಟ್ರಾನ್ಸ್‌ಫರ್' ಒತ್ತಿ, ಅದನ್ನು ಕಾಪಿ ಮಾಡಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದುವುದು ಕಷ್ಟ. ಈ ಫೈಲ್ ಓದಲೆಂದೇ ಇರುವ ಆ ಆಪ್‌ನವರದೇ ವೀವರ್ ಪುಟವನ್ನು ಬ್ರೌಸರಿನಲ್ಲಿ ತೆರೆದು ಫೈಲ್ ಕೊಡಿ, ಫೋನಿನಲ್ಲಿ ಇದ್ದ ಹಾಗೇ ಸಾಲಾಗಿ ಕಾಣುತ್ತದೆ. ನಮ್ಮ ಕಡೆ ಕನ್ನಡ, ಮಲಯಾಳ ಎರಡರಲ್ಲೂ ಮೆಸೇಜ್ ಬರುತ್ತದೆ ಅಲ್ವಾ? ಎರಡಕ್ಕೂ ತೊಂದರೆ ಇಲ್ಲ.

ಗೂಗಲ್ ಬ್ಯಾಕಪ್ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದು ಹೊಸ ಫೋನಿಗೆ ತುಂಬಿಸಲು ಮಾತ್ರ, ಕಂಪ್ಯೂಟರಿನಲ್ಲಿ ಓದಲು ಆಗುವುದಿಲ್ಲ.

ಬ್ಯಾಂಕಿನ ಮೆಸೇಜ್ ಜಾಸ್ತಿ ಇದೆ ಎಂದಿದ್ದೀರಿ. ಹಾಗಾಗಿ ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಕಂಪ್ಯೂಟರಿನಲ್ಲಿ ಮಾಡುವುದಾದರೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಲ್ಲಿಂದ ಅಳಿಸಿ ಬನ್ನಿ. ಫೈಲ್ ಸರಿಯಾಗಿ ತೆರೆಯುತ್ತದೆ ಎಂದು ನೋಡುವವರೆಗೆ ಹಳೆಯ ಫೋನ್ ರೀಸೆಟ್ ಮಾಡಬೇಡಿ.