ರಾಣಿಯ ದಿನಚರಿಯಲ್ಲಿ ಹುಣ್ಣಿಮೆ ಎಲ್ಲಿಂದ ಬಂತು?

ಪ್ರಶ್ನೆ: ಕಿತ್ತೂರು ಚೆನ್ನಮ್ಮನೇ ಬರೆದ ದಿನಚರಿ ಎಂಬಂತೆ ಮಕ್ಕಳಿಗೊಂದು ಕಾದಂಬರಿ ಬರೆಯುತ್ತಿದ್ದೇನೆ. 1824ರ ಕಾಳಗದ ಹಿಂದಿನ ರಾತ್ರಿ ಎಳೆಯ ರಾಣಿ ಬುರುಜಿನ ಮೇಲೆ ಹುಣ್ಣಿಮೆ ಬೆಳಕಿನಲ್ಲಿ ಬರೆಯುತ್ತ ಕೂತಿರುವಲ್ಲಿಂದ ಕತೆ ಶುರು. ಇಷ್ಟು ಸಲಿಗೆ ನಡೆದೀತೇ? (ಓದುಗರೊಬ್ಬರು, ಧಾರವಾಡ)

ಉತ್ತರ: ನಡೆಯಲಿಕ್ಕಿಲ್ಲ. ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದ್ದು 1778ರಲ್ಲಿ. 1824ಕ್ಕೆ ಆಕೆಗೆ ನಲವತ್ತಾರರ ಆಸುಪಾಸು, ಗಂಡ ಮಲ್ಲಸರ್ಜ ತೀರಿಕೊಂಡು ಎಂಟು ವರ್ಷ. ಆ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ ಅಕ್ಟೋಬರ್ 23 ಶನಿವಾರ. ತಿಥಿ ಎಣಿಸಿದರೆ ಆಶ್ವೀಜ ಅಮಾವಾಸ್ಯೆಯ ಮಗ್ಗುಲಿಗೇ ಬರುತ್ತದೆ, ಅಂದರೆ ದೀಪಾವಳಿ. ಹಿಂದಿನ ರಾತ್ರಿ ಕಗ್ಗತ್ತಲು. ಹುಣ್ಣಿಮೆ ಬಿಟ್ಟು ಹಣತೆ ಹಚ್ಚಿ, ದೃಶ್ಯ ಇನ್ನೂ ಚೆಂದ ಬಂದೀತು.

ಎಳೆಯ ದನಿಯೇ ಬೇಕೆಂದರೆ ವಾಡೇದಲ್ಲಿ ಬೆಳೆಯುವ ಹನ್ನೆರಡರ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಂಡು ಅವಳ ಕೈಗೆ ಬರವಣಿಗೆ ಕೊಡಿ. ದಾಖಲೆ ಮಾತಾಡುವಲ್ಲಿ ನಾವು ಸುಮ್ಮನಿರಬೇಕು. ದಾಖಲೆ ಸುಮ್ಮನಿರುವ ಕಡೆ ಆ ಹುಡುಗಿ ಎಷ್ಟಾದರೂ ಮಾತಾಡಲಿ.

ದಿನಾಂಕ ಹಾಕುವಾಗ ಅವಳು 'ಅಕ್ಟೋಬರ್' ಎನ್ನುವುದಿಲ್ಲ. ಸಂವತ್ಸರ, ಮಾಸ, ತಿಥಿ ಹೇಳುತ್ತಾಳೆ. ಆ ವರ್ಷ ತಾರಣ ಸಂವತ್ಸರ, ಶಕ 1746. ಇಸವಿಯಿಂದ 78 ಕಳೆದರೆ ಶಕ ಬರುತ್ತದೆ, ಆದರೆ ಯುಗಾದಿಗಿಂತ ಮೊದಲಿನ ತಿಂಗಳಿಗೆ 79 ಕಳೆಯಬೇಕು. ಬಹಳ ಜನ ಎಡವುವುದು ಇಲ್ಲೇ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ 1829ರ ಫೆಬ್ರವರಿ ಶಕ 1750, ಸರ್ವಧಾರಿ, 1751 ಅಲ್ಲ. ಹೊತ್ತಿಗೆ ಘಳಿಗೆ ಬಳಸಿ: ಒಂದು ಘಳಿಗೆಗೆ 24 ನಿಮಿಷ. 'ಹೊತ್ತು ಮೂಡಿ ಹತ್ತು ಘಳಿಗೆ' ಅಂದರೆ ಈಗಿನ ಹತ್ತು ಗಂಟೆ ದಾಟಿದ ಹೊತ್ತು. ಧಾರವಾಡದಿಂದ ಕಿತ್ತೂರಿಗೆ ಸುಮಾರು ಆರು ಹರದಾರಿ (ಹರದಾರಿಗೆ ಹೆಚ್ಚುಕಡಿಮೆ ಮೂರು ಮೈಲಿ), ಎತ್ತಿನ ಗಾಡಿಗೆ ಪೂರಾ ಒಂದು ಹಗಲಿನ ದಾರಿ. ಮುಂಜಾನೆ ಹೊರಟ ಗಾಡಿಯನ್ನು ಮಧ್ಯಾಹ್ನದ ಊಟಕ್ಕೆ ಕಿತ್ತೂರು ಮುಟ್ಟಿಸಬೇಡಿ.

ದತ್ತಕದ ಜಗಳದಲ್ಲಿ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ಡಾಲ್‌ಹೌಸಿಯ ನೀತಿಯನ್ನು ಎಳೆದು ತರುವವರೂ ಇದ್ದಾರೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದೇ 1848ರಲ್ಲಿ. ಹುಡುಗಿಗೆ ಗೊತ್ತಿರುವುದು ಇಷ್ಟೇ: ಶಿವಲಿಂಗಪ್ಪನನ್ನು ದತ್ತಕ ತಗೊಂಡದ್ದನ್ನು ಥ್ಯಾಕರೆ ಸಾಹೇಬ ಒಪ್ಪಲಿಲ್ಲ. ಅವಳ ಬಾಯಲ್ಲಿ 'ಬ್ರಿಟಿಷರು' ಬೇಡ, 'ಕುಂಪಣಿಯವರು' ಇರಲಿ. 'ಸ್ವಾತಂತ್ರ್ಯ ಸಂಗ್ರಾಮ' ಎಂಬ ಮಾತನ್ನು ಮುನ್ನುಡಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಆ ಹುಡುಗಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ತಿನ್ನಬಹುದೇ? (ಹಾವೇರಿ)

ಉತ್ತರ: ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಅಷ್ಟೊತ್ತಿಗೆ ಎರಡು ಶತಮಾನ ಮೀರಿತ್ತು, ಧಾರಾಳ ತಿನ್ನಲಿ. ಶೇಂಗಾ ಆಗ ಈಗಿನಷ್ಟು ಹಬ್ಬಿದ ಬೆಳೆಯಲ್ಲ. ರೊಟ್ಟಿಗೆ ಗುರೆಳ್ಳು, ಅಗಸಿ ಚಟ್ನಿ ಹಾಕಿದರೆ ಯಾರ ತಕರಾರೂ ಇಲ್ಲ. ಚಹಾ, ಟೊಮೆಟೊ ಬೇಡವೇ ಬೇಡ. ದೀಪಕ್ಕೆ ಕಡ್ಡಿಪೆಟ್ಟಿಗೆಯನ್ನೂ ಗೀರಿಸಬೇಡಿ, ಚಕಮಕಿ ಕಲ್ಲು ಸಾಕು.

ಪ್ರಶ್ನೆ: ಲಕ್ಕುಂಡಿಯ ಅತ್ತಿಮಬ್ಬೆಯ ಮನೆಯ ಹುಡುಗಿಯೊಬ್ಬಳ ದಿನಚರಿ ಬರೆಯಬೇಕೆಂದಿದ್ದೇನೆ. ಅವಳು ಯಾವುದರ ಮೇಲೆ ಬರೆಯುತ್ತಾಳೆ? (ಗದಗ)

ಉತ್ತರ: ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಮನೆಯದು, ಹಾಗಾಗಿ ತಾಳೆಗರಿಗೆ ಕೊರತೆಯಿಲ್ಲ. ಆದರೆ ಗರಿ ಬಲು ಕಿರಿದು, ಬರೆಯುವುದೆಂದರೆ ಕಂಟ ಎಂಬ ಕಬ್ಬಿಣದ ಮೊನಚು ಲೇಖನಿಯಿಂದ ಕೊರೆಯುವುದು. ದಿನಕ್ಕೆ ನಾಲ್ಕು ಪುಟದ ಮನದಾಳ ಅಲ್ಲಿ ಹಿಡಿಸುವುದಿಲ್ಲ, ನಮೂದುಗಳು ಗಿಡ್ಡವಿರಲಿ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಖಾರಕ್ಕೆ ಕಾಳುಮೆಣಸು. ಪೇರಲ, ಪಪ್ಪಾಯಿಯನ್ನೂ ಹಿತ್ತಲಿಂದ ಕಿತ್ತುಬಿಡಿ.

ಕಿತ್ತೂರಿನ ಹುಡುಗಿಯ ಕೈಗಾದರೆ ಕಡತ ಕೊಡಬಹುದು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಲಿ ಮಸಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬಿಳಿ ಅಕ್ಷರ. 'ಕಣ್ಣೀರು ಬಿದ್ದು ಶಾಯಿ ಕದಡಿತು' ಎಂಬ ಸಾಲು ನಮ್ಮ ಕೈಗೆ ಬರುವ ಅರ್ಧಕ್ಕರ್ಧ ಹಸ್ತಪ್ರತಿಗಳಲ್ಲಿ ಇರುತ್ತದೆ. ತಾಳೆಗರಿಯ ಮೇಲೆ ಕಣ್ಣೀರು ಬಿದ್ದರೆ ಕೊರೆದ ಅಕ್ಷರಕ್ಕೆ ಏನೂ ಆಗುವುದಿಲ್ಲ. ಕಡತದ ಮೇಲೆ ಬಿದ್ದರೆ, ಸೆರಗಿನಿಂದ ಒಮ್ಮೆ ಒರೆಸಿದರೆ ಸಾಕು, ಬರೆದದ್ದೇ ಉಳಿಯುವುದಿಲ್ಲ.